ಅರ್ಧ ಗಂಟೆಯ ಹಾಳೆ: ತಲೆಗೆ ಪೆಟ್ಟಾದ ಮಕ್ಕಳಿಗಾಗಿ ಸಿಡಿಸಿ ಚೆಕ್‌ಲಿಸ್ಟ್, ಜೊತೆಗೆ ಸಿಆರ್‌ಟಿ6 ಮತ್ತು ಅಂಗಡಿಯ ಹೆಡ್‌ಬ್ಯಾಂಡ್

ಖೊಖೊ ಕಂಬಕ್ಕೆ ಹಣೆ ಬಡಿದುಕೊಂಡ ಹುಡುಗಿ ಎದ್ದು ನಿಂತು "ಏನಿಲ್ಲ ಸಾರ್" ಅಂದರೆ ನಮ್ಮ ಶಾಲೆಗಳಲ್ಲಿ ವಿಚಾರಣೆ ಅಲ್ಲಿಗೆ ಮುಗಿಯಿತು. ಮುಖಕ್ಕೆ ನೀರು, ಹಣೆಗೆ ಅಮೃತಾಂಜನ, ಎರಡು ನಿಮಿಷ ನೆರಳು, ಮತ್ತೆ ಆಟ. ಆದರೆ ಕನ್‌ಕಶನ್ ಎರಡು ನಿಮಿಷದಲ್ಲೇ ಮುಖ ತೋರಿಸುತ್ತದೆಂಬ ನಿಯಮವಿಲ್ಲ. ಮಿದುಳು ಬುರುಡೆಯೊಳಗೆ ಜೋರಾಗಿ ಅಲುಗಿ, ನರಕೋಶಗಳ ಕೆಲಸ ಕೆಲಕಾಲ ಏರುಪೇರಾಗುವ ಗಾಯ ಇದು. ಬುರುಡೆ ಒಡೆದಿರಬೇಕೆಂದಿಲ್ಲ, ಬುಗುಟು ಕೂಡ ಎದ್ದಿಲ್ಲದಿರಬಹುದು. ಪ್ರಜ್ಞೆ ತಪ್ಪುವುದಂತೂ ಹತ್ತರಲ್ಲಿ ಒಬ್ಬರಿಗೆ ಆದರೆ ಹೆಚ್ಚು. ತಲೆನೋವು, ಮಂಕು, ವಾಕರಿಕೆ ಎಲ್ಲ ನಿಮಿಷಗಳ ಮೇಲೆ, ಕೆಲವರಿಗೆ ಗಂಟೆಗಳ ಮೇಲೆ ಶುರುವಾಗುತ್ತವೆ. ಹಾಗಾಗಿ ಶಾಲೆಗೆ ಮೊದಲು ಬೇಕಾದ್ದು ಒಂದು ಗೋಡೆ ಗಡಿಯಾರ, ಆಮೇಲೆ ಒಂದು ಹಾಳೆ.

ಆ ಹಾಳೆಯನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮಾಡಿಕೊಟ್ಟಿದೆ. 'ಹೆಡ್ಸ್ ಅಪ್' ಎಂಬ ಅದರ ಕಾರ್ಯಕ್ರಮದಲ್ಲಿ ಶಾಲೆಗಳಿಗೆಂದೇ ಇರುವ ಕಟ್ಟಿನ ಭಾಗ. ಹೆಸರು 'ಕನ್‌ಕಶನ್ ಸೈನ್ಸ್ (Signs) ಅಂಡ್ ಸಿಂಪ್ಟಮ್ಸ್ ಚೆಕ್‌ಲಿಸ್ಟ್', ಅಂದರೆ ಕನ್‌ಕಶನ್‌ನ ಗುರುತು ಮತ್ತು ಲಕ್ಷಣಗಳ ಪಟ್ಟಿ. ಬೆಲೆ ಇಲ್ಲ. ಸಿಡಿಸಿ ಜಾಲತಾಣದಿಂದ ಇಳಿಸಿಕೊಂಡು, ಬಣ್ಣವಿಲ್ಲದೆ ಎರಡು ಪುಟ ಮುದ್ರಿಸಿಕೊಂಡರೆ ಜೆರಾಕ್ಸ್ ಅಂಗಡಿಯ ಖರ್ಚಷ್ಟೇ. ಅದು ಹುಟ್ಟಿದ ನಾಡಿನಲ್ಲಿ ಅದರ ಹಿಂದೆ ಕಾನೂನಿನ ಬಲವಿದೆ: ವಾಷಿಂಗ್ಟನ್ ರಾಜ್ಯ 2009ರಲ್ಲಿ ಮೊದಲ ಕಾನೂನು ತಂದಿತು, ಐದೇ ವರ್ಷಗಳಲ್ಲಿ ಉಳಿದ ರಾಜ್ಯಗಳೂ ತಂದವು. ಅನುಮಾನ ಬಂದರೆ ಮಗುವನ್ನು ಆಟದಿಂದ ಹೊರಗೆ ತೆಗೆಯಬೇಕು, ವೈದ್ಯರ ಬರಹದ ಒಪ್ಪಿಗೆಯಿಲ್ಲದೆ ಒಳಗೆ ಬಿಡಬಾರದು, ಪೋಷಕರಿಗೂ ಕೋಚ್‌ಗಳಿಗೂ ವಿಷಯ ತಿಳಿಸಿರಬೇಕು. ನಮ್ಮ ಪಿಟಿ ಮೇಷ್ಟ್ರ ಬೆನ್ನಿಗೆ ಇಂಥ ಕಾನೂನಿಲ್ಲ. ತಾಲ್ಲೂಕು ಮಟ್ಟದ ಫೈನಲ್ ದಿನ ಒಳ್ಳೆಯ ರೈಡರ್‌ನನ್ನು ಕೂರಿಸಿದರೆ ಬೈಸಿಕೊಳ್ಳುವವರು ಅವರೇ. ಅಂಥ ಹೊತ್ತಿನಲ್ಲಿ ಕೈಯಲ್ಲೊಂದು ತುಂಬಿದ ಹಾಳೆ ಇದ್ದರೆ ಮಾತಿಗೆ ತೂಕ ಬರುತ್ತದೆ.

ಮೇಲ್ಭಾಗದಲ್ಲಿ ಮಗುವಿನ ಹೆಸರು, ತರಗತಿ, ಪೆಟ್ಟಾದ ದಿನ ಮತ್ತು ಹೊತ್ತು, ಎಲ್ಲಿ ಹೇಗೆ ಆಯಿತು, ಪ್ರಜ್ಞೆ ತಪ್ಪಿತೇ, ತಪ್ಪಿದ್ದರೆ ಎಷ್ಟು ಹೊತ್ತು, ಹಿಂದೆ ಇಂಥದ್ದು ಆಗಿತ್ತೇ ಎಂದು ಬರೆಯಲು ಜಾಗವಿದೆ. ಕೆಳಗೆ ಲಕ್ಷಣಗಳ ಸಾಲು, ಅವುಗಳೆದುರು ನಾಲ್ಕು ಕಂಬಸಾಲು: 0 ನಿಮಿಷ, 15 ನಿಮಿಷ, 30 ನಿಮಿಷ, ಮತ್ತು ಮಗು ಶಾಲೆ ಬಿಡುವ ಮುನ್ನ. ಹಾಳೆಯ ನಿಜವಾದ ಬೆಲೆ ಈ ನಾಲ್ಕು ಕಂಬಸಾಲುಗಳಲ್ಲಿದೆ. ಲಕ್ಷಣಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಅದೇ ಪಟ್ಟಿಯನ್ನು ಅರ್ಧ ಗಂಟೆಯಲ್ಲಿ ಮೂರು ಸಲ, ಮನೆಗೆ ಹೊರಡುವಾಗ ಇನ್ನೊಮ್ಮೆ, ಗಡಿಯಾರ ನೋಡಿ ಕೇಳಿಸುವ ಶಿಸ್ತು ಇದರಲ್ಲಿದೆ. ಮೊದಲ ಸಲ ಒಂದೂ ಗುರುತಿಲ್ಲದ ಮಗುವಿಗೆ ಮೂವತ್ತನೇ ನಿಮಿಷದಲ್ಲಿ ಮೂರು ಗುರುತು ಬಿದ್ದರೆ ಹಾಳೆ ತನ್ನ ಕೆಲಸ ಮಾಡಿತು. ಒಂದೇ ಒಂದು ಲಕ್ಷಣ ಕಂಡರೂ ವೈದ್ಯರ ಬಳಿಗೆ ಕಳಿಸಬೇಕೆಂದು ಅದು ಹೇಳುತ್ತದೆ. ಅಂಕ ಕೂಡಿಸುವುದು, ಸರಾಸರಿ ತೆಗೆಯುವುದು ಯಾವುದೂ ಇಲ್ಲ. ಮೇಷ್ಟ್ರುಗಳು ಅಂಕ ಕೊಡುವುದರಲ್ಲಿ ಪಳಗಿದವರು. ಇಲ್ಲಿ ಆ ಆಸೆ ಬಿಡಬೇಕು.

ಲಕ್ಷಣಗಳು ಎರಡು ಬಗೆ. ನೋಡುವವರಿಗೆ ಕಾಣುವಂಥವು: ಕಕ್ಕಾಬಿಕ್ಕಿಯಾಗಿ ನೋಡುವುದು, ಕೇಳಿದ್ದನ್ನೇ ಕೇಳುವುದು, ನಿಧಾನವಾಗಿ ಉತ್ತರ ಕೊಡುವುದು, ಪೆಟ್ಟಿಗೆ ಮುಂಚಿನದೋ ನಂತರದ್ದೋ ನೆನಪಿಲ್ಲದಿರುವುದು, ಸ್ವಭಾವ ಬದಲಾದಂತೆ ತೋರುವುದು, ಇವತ್ತಿನ ಟೈಮ್‌ಟೇಬಲ್ ಮರೆತಿರುವುದು. ಇನ್ನು ಮಗುವೇ ಹೇಳಬೇಕಾದವು: ತಲೆನೋವು, ವಾಕರಿಕೆ, ತೂಗಾಟ, ಕಣ್ಣು ಮಂಜು, ಬೆಳಕು ಸದ್ದು ಸಹಿಸದಿರುವುದು, ಜೋಮು, ಯೋಚನೆ ಮಂದವಾಗುವುದು, ಸಿಡುಕು, ಅಳು. ನಿದ್ರೆಯ ಪ್ರಶ್ನೆಗಳೂ ಇವೆ, ಆದರೆ ಪೆಟ್ಟು ನಿನ್ನೆಯದೋ ಮೊನ್ನೆಯದೋ ಆಗಿದ್ದರೆ ಮಾತ್ರ ಅವನ್ನು ಕೇಳಬೇಕೆಂಬ ಸೂಚನೆ ಪಕ್ಕದಲ್ಲೇ ಇದೆ. ಚಿಕ್ಕ ವಿಷಯ, ಆದರೆ ಹಾಳೆ ಮಾಡಿದವರು ಯೋಚಿಸಿದ್ದಾರೆ ಎಂಬುದಕ್ಕೆ ಗುರುತು. ಭಾನುವಾರ ಸೈಕಲ್‌ನಿಂದ ಬಿದ್ದು ಸೋಮವಾರ ಕ್ಲಾಸಿನಲ್ಲಿ ಮಂಕಾಗಿ ಕೂತವನಿಗೂ ಇದೇ ಹಾಳೆ ಸಾಕು.

ಕನ್ನಡ ಶಾಲೆಯಲ್ಲಿ ಇದನ್ನು ಬಳಸುವಾಗ ಎಡವುವುದು ಮಾತಿನಲ್ಲಿ. ಇಂಗ್ಲಿಷಿನ 'ಫಾಗಿ' ಎಂಬ ಲಕ್ಷಣವನ್ನು ಐದನೇ ತರಗತಿಯ ಮಗುವಿಗೆ ನಿಘಂಟು ನೋಡಿ ಕೇಳಿದರೆ ಅದು ಮಂಜು ಬಿದ್ದಿದೆಯೇ ಎಂದು ಕಿಟಕಿ ಕಡೆ ನೋಡುತ್ತದೆ. "ತಲೆಯೊಳಗೆ ಮಂಕು ಕವಿದ ಹಾಗಿದೆಯಾ?" ಅಂದರೆ ತಿಳಿಯುತ್ತದೆ. ತಲೆಯಲ್ಲಿ ಒತ್ತಡ ಎನ್ನುವುದಕ್ಕೆ "ತಲೆ ಧಿಮ್ ಅಂತಿದೆಯಾ?" ಸಾಕು. ತಲೆಸುತ್ತು ಎಂಬ ಪದ ಮಾತ್ರ ಮೋಸಗಾರ: ಸುತ್ತಮುತ್ತಲಿನದು ತಿರುಗುವುದನ್ನೂ ಅದೇ ಹೇಳುತ್ತದೆ, ಬೆಳಗಿನ ತಿಂಡಿ ತಿನ್ನದೆ ಕಣ್ಣು ಕತ್ತಲೆ ಬರುವುದನ್ನೂ ಅದೇ ಹೇಳುತ್ತದೆ. ಧಾರವಾಡ ಕಡೆ 'ಚಕ್ಕರ್' ಅಂದರೂ ಅದೇ ಕಥೆ. "ನಿಂತಾಗ ಪಕ್ಕಕ್ಕೆ ವಾಲಿದ ಹಾಗೆ ಆಗುತ್ತಾ, ಗೋಡೆ ತಿರುಗಿದ ಹಾಗಾ, ಕಪ್ಪು ಬರುತ್ತಾ?" ಎಂದು ಬಿಡಿಸಿ ಕೇಳಿ. ಹಾಳೆಯಲ್ಲಿರುವ 'ಸರಿ ಅನ್ನಿಸುತ್ತಿಲ್ಲ' ಎಂಬ ಸಾಲಿಗೆ ಮಾತ್ರ ನಮ್ಮಲ್ಲಿ ಮೂಲಕ್ಕಿಂತ ಚೆನ್ನಾದ ಮಾತಿದೆ: "ಏನೋ ಒಂಥರಾ ಆಗ್ತಿದೆ." ಮಗು ಈ ಮಾತು ಅಂದಿತೋ, ಗುರುತು ಹಾಕಿ. 'ಒಂಥರಾ ಅಂದರೆ ಏನು, ಸರಿಯಾಗಿ ಹೇಳು' ಎಂದು ಗದರಿದರೆ ಮುಂದಿನ ಎರಡು ಸಲವೂ "ಏನಿಲ್ಲ ಸಾರ್" ಎಂಬ ಉತ್ತರವೇ ಬರುವುದು. ಇನ್ನೊಂದು: ಜೊತೆಯ ಆಟಗಾರರ ಎದುರು ಕೇಳಬೇಡಿ. ಪಂದ್ಯ ತಪ್ಪುತ್ತದೆ ಎಂಬ ಭಯಕ್ಕೆ ಮುಚ್ಚಿಡುವ ಮಕ್ಕಳೇ ಹೆಚ್ಚು.

ಇನ್ನು ದೋಷಗಳು. ಶಾಲೆಯಲ್ಲಿ ನರ್ಸ್ ಇದ್ದಾರೆ ಎಂದು ನಂಬಿ ಬರೆದ ಹಾಳೆ ಇದು. ನಮ್ಮ ಹೆಚ್ಚಿನ ಶಾಲೆಗಳಲ್ಲಿ ಆ ಅರ್ಧ ಗಂಟೆ ಯಾರು ಕೂರುತ್ತಾರೆ ಎಂಬುದೇ ಪ್ರಶ್ನೆ. ಪಿಟಿ ಮೇಷ್ಟ್ರಿಗೆ ಅಂಗಳದಲ್ಲಿ ಇನ್ನೂ ನಲವತ್ತು ಮಕ್ಕಳು. ಹಾಗಾಗಿ ಹಾಳೆ ತರುವ ಮುಂಚೆಯೇ ಇಬ್ಬರ ಹೆಸರು ಗೊತ್ತಾಗಿರಬೇಕು, ಒಬ್ಬರು ರಜೆಯಿದ್ದರೆ ಇನ್ನೊಬ್ಬರು. ಮಗುವನ್ನು ಹೆಡ್ಮಾಸ್ಟರ್ ಕೋಣೆಯಲ್ಲಿ ಕೂರಿಸುವ ರೂಢಿಯಿದೆಯಲ್ಲ, ಗಂಟೆ ನೇತಾಡುವುದು ಸಾಮಾನ್ಯವಾಗಿ ಅದರ ಬಾಗಿಲಲ್ಲೇ! ಸದ್ದಿಗೆ ತಲೆ ಸಿಡಿಯುವ ಮಗುವಿಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಲೈಬ್ರರಿಯೋ ಸ್ಟಾಫ್ ರೂಮಿನ ಮೂಲೆಯೋ ಆದೀತು, ಕಿಟಕಿಯ ಬಿಸಿಲಿಗೆ ಬೆನ್ನು ಹಾಕಿ ಕೂರಿಸಿ.

ಎರಡನೆಯ ದೋಷ ದೊಡ್ಡದು. ಅಪಾಯದ ಲಕ್ಷಣಗಳ ಪೆಟ್ಟಿಗೆಯಲ್ಲಿ ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿರುವುದು, ಎಬ್ಬಿಸಿದರೂ ಏಳದಿರುವುದು, ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ತೊದಲು, ಫಿಟ್ಸ್, ಗುರುತು ಹಿಡಿಯದಿರುವುದು ಎಲ್ಲ ಇವೆ. ಕತ್ತುನೋವು ಇಲ್ಲ. ಕೋಣೆಗೆ ನಡೆದು ಬಂದ ಮಗುವಿಗೆಂದು ಮಾಡಿದ ಹಾಳೆಯಾದ್ದರಿಂದ ಹೀಗಾಗಿದೆ. ಆದರೆ ಕಬಡ್ಡಿಯಲ್ಲಿ ಐದು ಜನ ಒಬ್ಬನ ಮೇಲೆ ಬಿದ್ದಾಗ ಮೊದಲು ಯೋಚಿಸಬೇಕಾದ್ದು ಕತ್ತನ್ನೇ.

ಆ ಕೊರತೆ ತುಂಬುವುದು ಸಿಆರ್‌ಟಿ6, ಅಂದರೆ 'ಕನ್‌ಕಶನ್ ರೆಕಗ್ನಿಶನ್ ಟೂಲ್ 6' ಎಂಬ ಇನ್ನೊಂದು ಹಾಳೆ. 2022ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ಕ್ರೀಡಾ ಕನ್‌ಕಶನ್ ಸಮ್ಮೇಳನದ ಫಲ; 2023ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಬಂತು. ಇದೂ ಉಚಿತ, ವೈದ್ಯರಲ್ಲದವರಿಗೆಂದೇ ಮಾಡಿದ್ದು. ಕೆಂಪು ಬಾವುಟಗಳ ಪಟ್ಟಿಯಲ್ಲೇ ಕತ್ತುನೋವು ಬರುತ್ತದೆ. ಬಿದ್ದವರನ್ನು ತರಬೇತಿಯಿಲ್ಲದೆ ಎತ್ತಬೇಡಿ, ಹೆಲ್ಮೆಟ್ ಇದ್ದರೆ ಕಳಚಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತದೆ. ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸುವುದು, ಫಿಟ್ಸ್ ಬಂದರೆ ಕೈಗೆ ಬೀಗದಕೈ ಹಿಡಿಸುವುದು, ಬಾಯಿಗೆ ಸೋಡಾ ಹಾಕುವುದು, ಈ ಮೂರನ್ನೂ ನಿಲ್ಲಿಸಲು ಅಂಗಳದಲ್ಲಿ ಒಬ್ಬರು ದನಿ ಎತ್ತಬೇಕಾಗುತ್ತದೆ. ತಲೆ ಮತ್ತು ಕತ್ತು ಅಲುಗದಂತೆ ಎರಡು ಬದಿ ಅಂಗೈಯಿಂದ ಹಿಡಿದುಕೊಂಡು 108ಕ್ಕೆ ಕರೆ ಮಾಡಿಸಿ. ಮಂಡಿಯೂರಿ ಕೂತವರ ಕೈ ಸೋಲುತ್ತದೆ, ಮೊಣಕೈಯನ್ನು ನೆಲಕ್ಕೆ ಊರಿಕೊಳ್ಳಿ.

ಸಿಆರ್‌ಟಿ6ರಲ್ಲಿ ನೆನಪು ಪರೀಕ್ಷಿಸುವ ಐದು ಪ್ರಶ್ನೆಗಳಿವೆ. ಆಟಕ್ಕೂ ವಯಸ್ಸಿಗೂ ತಕ್ಕಂತೆ ತಿರುಗಿಸಿ ಕೇಳಬಹುದೆಂದು ಅದೇ ಹೇಳುತ್ತದೆ. ಹಾಗೆ ಕೇಳಿದರೆ: ನಾವೀಗ ಯಾವ ಊರಿನ ಮೈದಾನದಲ್ಲಿದ್ದೇವೆ? ಯಾರ ವಿರುದ್ಧ ಆಡುತ್ತಿದ್ದೇವೆ? ಕೊನೆಯ ಪಾಯಿಂಟ್ ತಂದವರು ಯಾರು? ಹಿಂದಿನ ಪಂದ್ಯ ಯಾರ ಜೊತೆ? ಗೆದ್ದೆವಾ? ಒಂದು ಉತ್ತರ ತಪ್ಪಿದರೂ ಆಟ ಅಲ್ಲಿಗೆ ನಿಂತಿತು. ಎಲ್ಲವನ್ನೂ ಸರಿಯಾಗಿ ಹೇಳಿದನೆಂದು ಕನ್‌ಕಶನ್ ಇಲ್ಲ ಅನ್ನಲಾಗದು. ಎಲ್ಲ ಸಾಧನಗಳಲ್ಲೂ ಜನ ತಪ್ಪು ತಿಳಿಯುವುದು ಇದನ್ನೇ. ಕೇಳುವವರಿಗೂ ಉತ್ತರ ಗೊತ್ತಿರಬೇಕು ಎಂಬುದನ್ನು ಮರೆಯಬೇಡಿ. ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಆ ತಂಡವನ್ನು ನೋಡುತ್ತಿರುವ ಸ್ವಯಂಸೇವಕರ ಕೈಗೆ ಕೊಟ್ಟರೆ ಈ ಪ್ರಶ್ನೆಗಳು ದಂಡ.

ಹಕ್ಕಿನ ವಿಷಯದಲ್ಲೊಂದು ತೊಡಕು. ಸಿಆರ್‌ಟಿ6 ಅನ್ನು ಇದ್ದಂತೆಯೇ ನಕಲು ಮಾಡಿ ಹಂಚಬಹುದು. ಅನುವಾದಿಸುವುದಕ್ಕೆ, ರೂಪ ಬದಲಿಸುವುದಕ್ಕೆ ಪ್ರಕಾಶಕರ ಲಿಖಿತ ಒಪ್ಪಿಗೆ ಬೇಕು. ಶಾಲೆಯ ಲಾಂಛನ ಹಾಕಿ ಕನ್ನಡದಲ್ಲಿ ಫ್ಲೆಕ್ಸ್ ಮಾಡಿಸುವ ಉತ್ಸಾಹ ಬೇಡ. ಬಾಯಲ್ಲಿ ಕನ್ನಡದಲ್ಲಿ ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಹಾಗಾಗಿ ಅಂಗಳದ ಕಿಟ್‌ನಲ್ಲಿ ಸಿಆರ್‌ಟಿ6, ಕೋಣೆಯಲ್ಲಿ ಸಿಡಿಸಿ ಹಾಳೆ. ಒಂದು ಮೊದಲ ಐದು ನಿಮಿಷಕ್ಕೆ, ಇನ್ನೊಂದು ಮುಂದಿನ ಮೂವತ್ತಕ್ಕೆ. ಎರಡರಲ್ಲಿ ಒಂದೇ ಸಾಕು ಅನ್ನುವವರಿಗೆ ನಾವು ಹೇಳುವುದು ಸಿಡಿಸಿ ಹಾಳೆ, ಮೇಲ್ಗಡೆ ಕೆಂಪು ಶಾಯಿಯಲ್ಲಿ "ಕತ್ತು ನೋಯುತ್ತಿದೆಯಾ?" ಎಂದು ಬರೆದುಕೊಂಡು.

ಮೂವತ್ತು ನಿಮಿಷ ಮುಗಿದರೆ ಮಗುವನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿಬಿಡುವುದಲ್ಲ. ಅನುಮಾನವಿದ್ದರೆ ಕನಿಷ್ಠ ಮೊದಲ ಮೂರು ಗಂಟೆ ಒಂಟಿಯಾಗಿ ಬಿಡಬಾರದು, ಒಬ್ಬಂಟಿಯಾಗಿ ಮನೆಗೆ ಕಳಿಸಬಾರದು ಎನ್ನುತ್ತದೆ ಸಿಆರ್‌ಟಿ6. ಬಂದ ಅಪ್ಪ ಅಮ್ಮನ ಕೈಗೆ ಹಾಳೆಯ ಪ್ರತಿ ಕೊಡಿ, ಶಾಲೆಗೊಂದು ಇಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ. ಅಮ್ಮ ಅಂಗಳದಲ್ಲಿ ಇರಲಿಲ್ಲ, ಮಗುವಿಗೆ ನೆನಪಿಲ್ಲ.

ಇಲ್ಲಿಂದ ಮುಂದೆ ಕೆಡುವುದು ಒಂದು ಪದದಿಂದ: ನಾರ್ಮಲ್. "ಸಿಟಿ ಸ್ಕ್ಯಾನ್ ಮಾಡಿಸಿದೆವು, ನಾರ್ಮಲ್ ಬಂತು" ಎಂದು ಮರುದಿನವೇ ಮಗು ಅಂಗಳಕ್ಕಿಳಿಯುತ್ತದೆ. ಸಿಟಿ ಹುಡುಕುವುದು ರಕ್ತಸ್ರಾವವನ್ನು, ಮೂಳೆ ಒಡೆದದ್ದನ್ನು. ಕನ್‌ಕಶನ್ ಅದರಲ್ಲಿ ಕಾಣುವುದಿಲ್ಲ. ಸಿಡಿಸಿಯ 2018ರ ಮಕ್ಕಳ ಮಾರ್ಗಸೂಚಿ ಕನ್‌ಕಶನ್ ಪತ್ತೆಗೆಂದು ಎಲ್ಲರಿಗೂ ಸ್ಕ್ಯಾನ್ ಮಾಡಬಾರದು ಎಂದೇ ಹೇಳುತ್ತದೆ. ಅಪಾಯದ ಲಕ್ಷಣಗಳಿದ್ದಾಗ ಅದು ವೈದ್ಯರ ತೀರ್ಮಾನ. ನಾರ್ಮಲ್ ಎಂಬುದು ಆಟಕ್ಕೆ ಪರವಾನಗಿ ಅಲ್ಲ ಎಂದು ಹೆಡ್ಸ್ ಅಪ್ ಹಾಳೆಯಲ್ಲೇ ದಪ್ಪಕ್ಷರದಲ್ಲಿ ಒಂದು ಸಾಲು ಇರಬೇಕಿತ್ತು. ಮೊದಲ ಗಾಯ ಮಾಯುವ ಮುನ್ನ ಎರಡನೇ ಪೆಟ್ಟು ಬಿದ್ದರೆ ಚೇತರಿಕೆ ಎಳೆಯುತ್ತದೆ, ಅಪರೂಪಕ್ಕೆ ಜೀವಕ್ಕೇ ಬರುತ್ತದೆ. ಕೆನಡಾದ ಒಂಟಾರಿಯೊದಲ್ಲಿ ರೋವನ್ ಸ್ಟ್ರಿಂಗರ್ ಎಂಬ 17ರ ಹುಡುಗಿ 2013ರಲ್ಲಿ ರಗ್ಬಿ ಪಂದ್ಯದಲ್ಲಿ ಪೆಟ್ಟಾಗಿ ಹೀಗೆಯೇ ತೀರಿಕೊಂಡಳು. 2018ರಲ್ಲಿ ಅಲ್ಲಿ ಬಂದ ಕಾನೂನಿಗೆ ಅವಳದೇ ಹೆಸರಿದೆ.

ಮರಳುವ ಹಾದಿಯ ಬಗ್ಗೆ ಸಿಡಿಸಿ ಕಟ್ಟಿನಲ್ಲಿ ಬೇರೆ ಹಾಳೆಗಳಿವೆ, ಚೆನ್ನಾಗಿಯೂ ಇವೆ, ಆದರೆ ಅಂಕಿಗಳು ನಿಖರವಾಗಿ ಸಿಗುವುದು ಅದೇ ಆಮ್‌ಸ್ಟರ್‌ಡ್ಯಾಮ್ ಸಮ್ಮೇಳನದ ಒಮ್ಮತದ ಹೇಳಿಕೆಯಲ್ಲಿ. ಮೊದಲ 24ರಿಂದ 48 ಗಂಟೆ ಸಡಿಲ ವಿಶ್ರಾಂತಿ. ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೆಯ ಪದ್ಧತಿ ಈಗಿಲ್ಲ. ಮನೆಯೊಳಗೆ ಓಡಾಡಬಹುದು, ನಡೆಯಬಹುದು. ಮೊಬೈಲು ಮಾತ್ರ ದೂರ: 12ರಿಂದ 25 ವರ್ಷದವರ ಮೇಲೆ ಅಮೆರಿಕದಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೊದಲ 48 ಗಂಟೆ ಪರದೆ ಬಿಟ್ಟವರು ಮೂರೂವರೆ ದಿನಕ್ಕೆ ಚೇತರಿಸಿಕೊಂಡರೆ, ನೋಡಿದವರಿಗೆ 8 ದಿನ ಹಿಡಿಯಿತು. ಓದಿಗೆ ಮರಳುವುದು 5ರಿಂದ 15 ನಿಮಿಷದ ತುಣುಕುಗಳಲ್ಲಿ, ಆಮೇಲೆ ಮನೆಯಲ್ಲಿ ಸ್ವಲ್ಪ ಹೋಂವರ್ಕ್, ಆಮೇಲೆ ಅರ್ಧ ದಿನ ಶಾಲೆ, ಕೊನೆಗೆ ಪೂರ್ತಿ. ನಮ್ಮ ಶಾಲೆಗಳ ಮಟ್ಟಿಗೆ ಇದರ ಅರ್ಥ: ಬಿಸಿಲಲ್ಲಿ ನಿಲ್ಲಿಸುವ ಪ್ರಾರ್ಥನೆಯಿಂದ ಬಿಡುವು, ಬೋರ್ಡ್ ನೋಡಿ ನೋಟ್ಸ್ ಬರೆಯುವ ಬದಲು ಗೆಳತಿಯ ಪುಸ್ತಕದ ಜೆರಾಕ್ಸ್, ಯೂನಿಟ್ ಟೆಸ್ಟ್ ಮುಂದಕ್ಕೆ, ಸಂಜೆಯ ಟ್ಯೂಷನ್ ಬಂದ್. ಕೊನೆಯದನ್ನು ಪೋಷಕರು ಒಪ್ಪುವುದೇ ಕಷ್ಟ, ಎಸ್ಸೆಸ್ಸೆಲ್ಸಿ ವರ್ಷವಾದರೆ ಇನ್ನೂ ಕಷ್ಟ.

ಆಟಕ್ಕೆ ಮರಳಲು ಆರು ಮೆಟ್ಟಿಲು, ಒಂದೊಂದಕ್ಕೆ ಕನಿಷ್ಠ 24 ಗಂಟೆ. ದಿನನಿತ್ಯದ ಓಡಾಟ, ಹಗುರ ವ್ಯಾಯಾಮ (ಮೊದಲು ಗರಿಷ್ಠ ನಾಡಿಬಡಿತದ ಶೇ. 55ರವರೆಗೆ, ನಂತರ 70ರವರೆಗೆ), ಯಾರಿಗೂ ತಾಗದೆ ಒಬ್ಬರೇ ಮಾಡುವ ಆಟದ ಅಭ್ಯಾಸ, ಗುಂಪಿನಲ್ಲಿ ಮೈ ತಾಗದ ಅಭ್ಯಾಸ, ಪೂರ್ತಿ ಅಭ್ಯಾಸ, ಪಂದ್ಯ. ಗರಿಷ್ಠ ನಾಡಿಬಡಿತಕ್ಕೆ 220ರಿಂದ ವಯಸ್ಸು ಕಳೆಯುವ ಅಂದಾಜು. 14ರ ಹುಡುಗನಿಗೆ 206, ಅದರ ಶೇ. 55 ಅಂದರೆ 113, ಶೇ. 70 ಅಂದರೆ 144. ಕೈಗಡಿಯಾರದ ಯಂತ್ರ ಬೇಡ: ಮಣಿಕಟ್ಟು ಹಿಡಿದು 15 ಸೆಕೆಂಡ್ ಎಣಿಸಿ, ಮೊದಲ ಹಂತದಲ್ಲಿ 28 ದಾಟಬಾರದು, ಎರಡನೆಯದರಲ್ಲಿ 36. ಹತ್ತರ ಅಳತೆಯಲ್ಲಿ ತೊಂದರೆ ಎರಡು ಅಂಕಕ್ಕಿಂತ ಹೆಚ್ಚು ಏರಿದರೆ ಅಥವಾ ಒಂದು ಗಂಟೆಯಾದರೂ ಇಳಿಯದಿದ್ದರೆ ಆ ದಿನಕ್ಕೆ ಅಷ್ಟೇ, ನಾಳೆ ಮತ್ತೆ ಪ್ರಯತ್ನ. ನಾಲ್ಕನೇ ಮೆಟ್ಟಿಲು ಹತ್ತುವ ಮುಂಚೆ ಲಕ್ಷಣಗಳೆಲ್ಲ ಹೋಗಿರಬೇಕು, ವೈದ್ಯರು ಒಪ್ಪಿರಬೇಕು. ಲೆಕ್ಕದಲ್ಲಿ ಒಂದು ವಾರ ಅನ್ನಿಸಿದರೂ ಮಕ್ಕಳಿಗೆ ಅಷ್ಟರಲ್ಲಿ ಮುಗಿಯುವುದು ಕಡಿಮೆ. ಬ್ರಿಟನ್ನಿನ 2023ರ ಮಾರ್ಗಸೂಚಿ 21 ದಿನಕ್ಕೆ ಮುಂಚೆ ಪಂದ್ಯವೇ ಬೇಡ ಎನ್ನುತ್ತದೆ. ವೈದ್ಯರು ಹತ್ತಿರದಲ್ಲಿಲ್ಲದ ಊರಿನ ಶಾಲೆಗೆ ಈ ಸರಳ ನಿಯಮವೇ ವಾಸಿ.

ದುಡ್ಡು ಕೊಟ್ಟು ಕೊಳ್ಳುವ ವಸ್ತುಗಳಿಗೆ ಬರೋಣ. ಪೆಟ್ಟಾಗುವ ಮುಂಚೆಯೇ ಎಲ್ಲ ಮಕ್ಕಳಿಗೂ ಮಾಡಿಸುವ, ನೆನಪು ಮತ್ತು ಚುರುಕು ಅಳೆಯುವ ಕಂಪ್ಯೂಟರ್ ಪರೀಕ್ಷೆಗಳು ಬೇಡ. ಫಲಿತಾಂಶ ಓದಬಲ್ಲ ತಜ್ಞರಿಲ್ಲದೆ ಅವು ಅಂಕಿಗಳ ರಾಶಿ. ಉಚಿತವೇ ಆದ, ಕನ್‌ಕಶನ್ ಅಳೆಯುವ ಸ್ಕ್ಯಾಟ್6 ಪರೀಕ್ಷೆ ಕೂಡ ಶಿಕ್ಷಕರಿಗಲ್ಲ. ವೈದ್ಯಕೀಯ ತರಬೇತಿ ಇದ್ದವರು 10ರಿಂದ 15 ನಿಮಿಷ ತೆಗೆದುಕೊಂಡು ಮಾಡುವಂಥದ್ದು, 13 ವರ್ಷ ಮೇಲಿನವರಿಗೆ. 8ರಿಂದ 12ರವರಿಗೆ ಬೇರೆಯದೇ ಇದೆ.

ಫುಟ್‌ಬಾಲ್ ಮಕ್ಕಳಿಗೆಂದು ಮಾರುವ ಮೆತ್ತನೆಯ ಹೆಡ್‌ಬ್ಯಾಂಡ್‌ಗೆ ನಮ್ಮ ಶಿಫಾರಸು ಇಲ್ಲ. ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧಕರು 2,766 ಹೈಸ್ಕೂಲ್ ಆಟಗಾರರ ಮೇಲೆ ಪರೀಕ್ಷಿಸಿದಾಗ ಹಾಕಿಕೊಂಡವರಿಗೂ ಇಲ್ಲದವರಿಗೂ ಕನ್‌ಕಶನ್ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ಪಂಜು ಚರ್ಮವನ್ನು ಕಾಯುತ್ತದೆ, ಬುರುಡೆಯೊಳಗಿನ ಅಲುಗಾಟವನ್ನು ತಡೆಯದು. ಕ್ರಿಕೆಟ್ ಹೆಲ್ಮೆಟ್ ಮಾತು ಬೇರೆ: ಲೆದರ್ ಬಾಲ್‌ಗೆ ಅದು ಬೇಕೇ ಬೇಕು, ಮೂಳೆ ಮುಖ ಹಲ್ಲು ಉಳಿಸುವುದಕ್ಕೆ. ಕೊಳ್ಳುವಾಗ ಬ್ರಿಟಿಷ್ ಮಾನದಂಡ ಬಿಎಸ್ 7928:2013ರ ಗುರುತು ನೋಡಿ. ಆ ಮಾನದಂಡದಲ್ಲಿ ದೊಡ್ಡವರ ಚೆಂಡಿಗೂ ಮಕ್ಕಳ ಚೆಂಡಿಗೂ ಬೇರೆ ಬೇರೆ ಪರೀಕ್ಷೆಯಿದೆ. ಮಕ್ಕಳ ಚೆಂಡು ಚಿಕ್ಕದು. ಅಣ್ಣನ ಹೆಲ್ಮೆಟ್‌ನ ಜಾಲರಿಯ ಸಂದಿನಲ್ಲಿ ಅದು ತೂರಿ ಬರಬಲ್ಲದು. ಶಾಲೆಯ ಕಿಟ್‌ನಲ್ಲಿ ಹನ್ನೊಂದು ಜನಕ್ಕೆ ಒಂದೇ ಸೈಜಿನ ಎರಡು ಹೆಲ್ಮೆಟ್ ಇಡುವುದೆಂದರೆ ಇಬ್ಬರಿಗಷ್ಟೇ ಹೆಲ್ಮೆಟ್ ಇದ್ದಂತೆ. ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ.

ಹೆಡ್‌ಬ್ಯಾಂಡ್‌ನ ದುಡ್ಡು ಉಳಿಯಿತಲ್ಲ, ಅದರಲ್ಲಿ ಅಭ್ಯಾಸದ ದಿನ ಖೊಖೊ ಕಂಬಗಳಿಗೆ ಸುತ್ತಲು ಫೋಮ್ ಹಾಳೆ ತನ್ನಿ, ಎದೆಯೆತ್ತರದವರೆಗೆ, ಸೈಕಲ್ ಟ್ಯೂಬಿನಿಂದ ಬಿಗಿದು. ಕಬಡ್ಡಿ ಅಂಕಣದ ಗೆರೆಯಿಂದ ಕಾಂಪೌಂಡ್ ಗೋಡೆಗೆ ಎಷ್ಟು ಅಂತರವಿದೆ ಎಂದು ಅಳೆಯಿರಿ. ರೈಡರ್‌ನನ್ನು ಹೊರಕ್ಕೆ ತಳ್ಳಿದಾಗ ಅವನು ನಿಲ್ಲುವುದು ಅಲ್ಲಿಯೇ. ಫುಟ್‌ಬಾಲ್ ಗೋಲಿನ ಕಬ್ಬಿಣದ ಚೌಕಟ್ಟು ನೆಲಕ್ಕೆ ಬಿಗಿದಿದೆಯೇ, ಜೋತಾಡಿದರೆ ಮಗುಚುತ್ತದೆಯೇ ನೋಡಿ. ಹಾಳೆಯ ಇಪ್ಪತ್ತು ಪ್ರತಿಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ, ದಾರ ಕಟ್ಟಿದ ಪೆನ್ನಿನ ಸಮೇತ ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಪಕ್ಕದ ಮೊಳೆಗೆ ನೇತುಹಾಕಿ. ಬೀರುವಿನೊಳಗೆ ಇಟ್ಟರೆ ಅದರ ಬೀಗದಕೈ ಅವತ್ತೇ ರಜೆ ಹಾಕಿದವರ ಬಳಿ ಇರುತ್ತದೆ.